ಗಾಜಿನ ಫೋಟೋ ಇಳಿಸಿದ ಗೋಡೆ

ಕಕ್ಕೇರಾ
೧೨-೧-೨೦೧೪

ಜೀವದ ಗೆಳತಿ ಖುರ್ಷೀದಬೇಗಂಗೆ,

ಗೊಲ್ಲಾಳಮ್ಮನ ಸಲಾಮು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಬೈ, ಬೈಸಿಕೊಳ್ಳುತ್ತೇನೆ. ಫೋನು ಮಾಡಬಾರದೇ ಎಂದು ಕೇಳಿದ್ದೀಯ. ಫೋನಿನ ಮಾತು ನನಗೆ ಒಗ್ಗುವುದಿಲ್ಲ, ನಿನಗೆ ಗೊತ್ತು. ಶಹಾಪುರದ ಮೊಮ್ಮಕ್ಕಳ ಗದ್ದಲದಲ್ಲಿ ಇದನ್ನು ಓದಲು ಅರ್ಧ ತಾಸು ಬಿಡುವು ಮಾಡಿಕೋ.

ನಾನೊಂದು ಕೆಲಸ ಮಾಡಿದ್ದೇನೆ, ಊರೆಲ್ಲ ಅದೇ ಮಾತು. ಯಜಮಾನರು ತೀರಿ ವರ್ಷವಾಯಿತಲ್ಲ, ಅವರು ಕೂಡುತ್ತಿದ್ದ ಪಡಸಾಲೆಯನ್ನು ಹಾಡು ಕೇಳುವ ಖೋಲಿ ಮಾಡಿಕೊಂಡೆ. ಎರಡು ಒಳ್ಳೆಯ ಸ್ಪೀಕರು ತರಿಸಿದೆ. ನಮ್ಮೂರ ಕಾಲುವೆಗೆ ಮೊದಲ ಸಲ ನೀರು ಬಂದ ದಿನ, ನಾನು ಹೊಸ ನೀರಿನ ಗಂಗವ್ವನಿಗೆ ಉಡಿ ತುಂಬುವಾಗ ನೀನೂ ನಾನೂ ಕೂಡಿ ಹಾಡಿದ್ದನ್ನು ನಿನ್ನ ತಮ್ಮ ಸುಲ್ತಾನಸಾಬ ಟೇಪಿನಲ್ಲಿ ಹಿಡಿದಿದ್ದನಲ್ಲ, ಆ ಕ್ಯಾಸೆಟ್ಟನ್ನೇ ಮೊದಲು ಹಾಕಿದೆ. ಒಂದಕ್ಷರ ತಿಳಿಯಲಿಲ್ಲ. ನೆಲಕ್ಕೆ ಟೈಲ್ಸು, ಗೋಡೆಗೆ ನುಣುಪಿನ ಗಿಲಾವು, ದನಿಯೆಲ್ಲ ಕಲಸಿಹೋಗುತ್ತಿತ್ತು.

ಹೈದರಾಬಾದಿನ ಸ್ಟುಡಿಯೋಗಳಲ್ಲಿ ದುಡಿದು ಬಂದ ಅಂಬ್ರಪ್ಪ ಎಂಬವರನ್ನು ಕಡೇಚೂರಿನಿಂದ ಕರೆಸಿದೆ. ಖೋಲಿಯ ದನಿ ಸರಿಮಾಡುವುದೂ ಒಂದು ಕಸುಬೆಂದು ನಮ್ಮೂರಿಗೆ ಅಂದೇ ಗೊತ್ತಾಯಿತು. ಅವರು ನಾಲ್ಕೂ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಮೈಕು ಇಟ್ಟು ಅಳೆದರು.

"ಟೀಚರಮ್ಮಾರ, ಗ್ವಾಡಿ ಬೋಳು ಅದಾವ. ದಪ್ಪ ಕೌದಿ ಇದ್ರ ಜೋತು ಹಾಕ್ರಿ. ಗ್ವಾಡಿಗಿ ಹತ್ತಿಸಬ್ಯಾಡ್ರಿ, ನಾಕ ಬೆರಳ ಜಾಗಾ ಬಿಡ್ರಿ," ಅಂದರು.

ನಮ್ಮವ್ವ ಹೊಲಿದ ಐದು ಕೌದಿ ಗಂಟಿನಿಂದ ಹೊರಗೆ ಬಂದವು. ಆಮೇಲೆ ಸ್ಪೀಕರಿನ ಎದುರು ಗೋಡೆ ನೋಡಿ ಅವರು ಸಂಕೋಚಪಟ್ಟರು. ಅಲ್ಲಿ ಯಜಮಾನರ ಆಳೆತ್ತರದ ಫೋಟೋ, ಗಾಜು ಹಾಕಿಸಿದ್ದು.

"ಸಾಹೇಬ್ರನ್ನ ಬ್ಯಾರೆ ಕಡಿ ಇಟ್ರ ಛಲೋ. ಗಾಜು ದನೀನ ತಿರುಗಿ ಹೊಡೀತದ್ರಿ."

"ಇಳಸ್ರಿ," ಅಂದೆ.

ಸಂಜೆಗೇ ಮೈದುನ ಸಂಗಣ್ಣ ಓಡಿ ಬಂದ. "ಅಣ್ಣ ಕೂಡೋ ಜಾಗಾದಾಗ ಕೌದಿ ಜೋತು ಹಾಕಿ, ಅವನ ಫೋಟೋನೂ ಇಳಸೀರಿ. ಮಂದಿ ಏನಂದಾರು ವೈನಿ?"

"ಮಂದಿ ಅಂದದ್ದು ಕೇಳಾಕ ನೀ ಬ್ಯಾರೆ ಖೋಲಿ ಕಟ್ಟಿಸ್ಕೊ ಸಂಗಣ್ಣ. ಇದು ಹಾಡು ಕೇಳಾಕ."

ಫೋಟೋವನ್ನು ಅವನ ಟ್ರ್ಯಾಕ್ಟರಿಗೇ ಹೇರಿಸಿ ಕಳಿಸಿದೆ. ಗಂಡ ಸತ್ತ ಮೇಲೆ ಆಕೆಗೆ ಕೋಡು ಮೂಡಿವೆ ಎಂದು ಪಕ್ಕದ ಮನೆಯ ಶಂಕ್ರಮ್ಮ ಆಡಿಕೊಂಡಳಂತೆ. ಅರವತ್ತೆರಡಕ್ಕೆ ಮೂಡಿದ ಕೋಡು, ಬೀಳುವುದಕ್ಕೂ ತಡವಾಗುತ್ತದೆ ಎಂದು ಹೇಳಿ ಕಳಿಸಿದ್ದೇನೆ.

ಈಗ ಎಲ್ಲ ಕೇಳಿಸುತ್ತದೆ ಖುರ್ಷೀದ. ನೀನು ಎತ್ತಿಕೊಟ್ಟ ಸೊಲ್ಲು, ನನ್ನ ಬಳೆಯ ಸದ್ದು, ಕಾಲುವೆಗೆ ನೀರು ನುಗ್ಗಿದಾಗ ಜನ ಹೋ ಎಂದದ್ದು. ನನ್ನ ದನಿ ಅಷ್ಟು ಚೆಂದವಿತ್ತೆಂದು ನನಗೇ ಗೊತ್ತಿರಲಿಲ್ಲ. ಕೂತು ಅತ್ತೆ. ಆಮೇಲೆ ಯಾಕೆ ಹಾಡಲಿಲ್ಲ ಎಂದು ನೀನು ಎಷ್ಟು ಸಲ ಕೇಳಿದ್ದೀಯ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮೊಣಕಾಲು ನೋವು ಇಳಿಯಲಿ, ನೂರು ವರ್ಷ ಗಟ್ಟಿಯಾಗಿರು.

ನಿನ್ನ
ಗೊಲ್ಲಾಳಮ್ಮ

ತಾ.ಕ.: ಅಂಟು ಹಚ್ಚುವ ಮೊದಲು ಇದೊಂದು. ಕೆಲಸವೆಲ್ಲ ಮುಗಿದ ಮೇಲೂ ಎಡಗಡೆಯ ಸ್ಪೀಕರಿನ ದನಿ ಸಣ್ಣಗೆ ಬರುತ್ತದೆ ಎಂದು ನಾನು ಹಟ ಹಿಡಿದಿದ್ದೆ. ಅಂಬ್ರಪ್ಪನವರು ಮೂರು ಸಲ ಅಳೆದು, ಎರಡನ್ನೂ ಅದಲುಬದಲು ಮಾಡಿ, ಕೊನೆಗೆ ಮೆಲ್ಲಗೆ, "ಖೋಲ್ಯಾಗ ಇನ್ನ ಕೊರತಿ ಇಲ್ರಿ ಟೀಚರಮ್ಮಾರ," ಅಂದರು. ನನ್ನ ಎಡಗಿವಿ ಮಂದವೆಂದು ಗೊತ್ತಿತ್ತು, ಪೂರಾ ಹೋಗಿದೆಯೆಂದು ಒಪ್ಪಿಕೊಂಡಿರಲಿಲ್ಲ. ಕಾಲುವೆಯಲ್ಲಿ ಈಸುವಾಗ ನೀರು ಹೊಕ್ಕಿತೆಂದು ನಿನಗೆ ಹೇಳಿದ್ದೆ. ಸುಳ್ಳು. ಸುಲ್ತಾನಸಾಬ ಖುಷಿಯಿಂದ ನಮ್ಮ ಹಾಡನ್ನು ಚಹಾದಂಗಡಿಯಲ್ಲಿ ಹಾಕಿಸಿದ್ದ. ಹೆಂಡತಿಯ ದನಿಯನ್ನು ಹತ್ತು ಗಂಡಸರ ನಡುವೆ ಕೇಳಿ ಮನೆಗೆ ಬಂದ ಯಜಮಾನರು ಒಂದೇ ಏಟು ಹೊಡೆದರು. ನಿನ್ನ ತಮ್ಮ ನೊಂದುಕೊಂಡಾನೆಂದು ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಖೋಲಿಯಲ್ಲಿ ಎರಡು ಕುರ್ಚಿ ಹಾಕಿಸಿದ್ದೇನೆ. ಬಾ, ನನ್ನ ಬಲಕ್ಕೆ ಕೂತು ಸೊಲ್ಲು ಎತ್ತಿಕೊಡು, ನಾನು ಹಾಡುತ್ತೇನೆ. ಬಾಗಿಲು ಮುಚ್ಚಿದರೆ ದನಿ ಚೆನ್ನಾಗಿರುತ್ತದೆ ಎಂದು ಅಂಬ್ರಪ್ಪನವರು ಹೇಳಿದ್ದಾರೆ. ಅವತ್ತು ಮಾತ್ರ ತೆರೆದಿಡುತ್ತೇನೆ, ಚಹಾದಂಗಡಿಯವರೆಗೂ ಕೇಳಲಿ.