ನಾಲ್ಕನೆಯ ಅಂಕಣ

ಮೂಡಿಗೆರೆ
೧೮ ಜುಲೈ ೨೦೦೨, ಗುರುವಾರ

ಪ್ರೀತಿಯ ವರ್ಷಿಣಿಗೆ,

ಮೊದಲು ಆಶೀರ್ವಾದ, ಆಮೇಲೆ ಕೋಪ. ಕ್ರಮ ತಪ್ಪಬಾರದು.

ಬಾಳೂರಿನ ಶಾಲೆಗೆ ಇಪ್ಪತ್ತೆರಡು ವರ್ಷ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಈಗ ಅದೇ ಕುರ್ಚಿಯಲ್ಲಿ ಕುಳಿತಿರುವ ನನ್ನ ಮಗಳು, ತಡಹಾಜರಿ ಪುಸ್ತಕದಲ್ಲಿ ನಾನು ಬರೆದ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾಳೆಂಬುದನ್ನು ಆಡಳಿತ ಮಂಡಳಿಯ ಅಧ್ಯಕ್ಷ ರೇವಣ್ಣನವರ ಬಾಯಿಂದ ಕೇಳಬೇಕಾಯಿತು. ನಾಲ್ಕನೆಯ ಅಂಕಣಕ್ಕೆ ನಾನಿಟ್ಟ ತಲೆಬರಹ ‘ಹೇಳಿದ ನೆಪ’. ನೀನದನ್ನು ‘ಕಾರಣ’ ಎಂದು ತಿದ್ದಿದ್ದೀಯಂತೆ. ನಾನು ಪದವನ್ನು ತೂಗದೆ ಬರೆದವಳಲ್ಲ. ಒಂಬತ್ತೂವರೆಗೆ ಬರಬೇಕಾದ ಮಗು ಬಾರದಿದ್ದರೆ ಅದು ಸಂಕಲ್ಪದ ಕೊರತೆ, ಉಳಿದದ್ದೆಲ್ಲ ನೆಪ. ಈ ನಂಬಿಕೆಯ ಮೇಲೆಯೇ ನಾನು ಶಾಲೆ ನಡೆಸಿದ್ದು.

ನೀನು ಅಷ್ಟಕ್ಕೇ ನಿಲ್ಲಲಿಲ್ಲ. ತಡವಾದವರನ್ನು ಗೇಟಿನ ಹೊರಗೆ ನಿಲ್ಲಿಸುವ ಪದ್ಧತಿಯನ್ನೇ ತೆಗೆದುಹಾಕಿದೆ. ಚಿಕ್ಕಮಗಳೂರಿನ ತರಬೇತಿಯಿಂದ ಬಂದವಳೇ ದೊಡ್ಡ ಹಾಳೆಯ ಮೇಲೆ ವೃತ್ತ ಬಾಣಗಳನ್ನು ಬರೆದು, ಮಕ್ಕಳ ತಡದ ಹಿಂದೆ ಯಾವುದರಿಂದ ಯಾವುದು ಹುಟ್ಟುತ್ತದೆಂದು ಸಹೋದ್ಯೋಗಿಗಳಿಗೆ ಪಾಠ ಮಾಡಿದೆ. ಸಾಲದೆಂಬಂತೆ ಕಾಫಿ ಎಸ್ಟೇಟಿಗೆ ಹೋಗಿ, ಕೂಲಿಯವರ ಕೂಸುಗಳ ಬಾಲವಾಡಿಯನ್ನು ಬೇಗ ತೆರೆಯಿರೆಂದು ತೋಟದ ಲೆಕ್ಕ ಬರೆಯುವ ರೈಟರ್ ಹಾಲೇಶನನ್ನು ಕೇಳಿದೆ. “ನಿಮ್ಮ ಮಗಳು ಶಾಲೆ ನಡೆಸ್ತಾರೋ, ತೋಟ ನಡೆಸ್ತಾರೋ ಟೀಚರ್ರೇ?” ಎಂದು ರೇವಣ್ಣನವರು ನಕ್ಕಾಗ ನನಗೆ ತಲೆಯೆತ್ತಲಾಗಲಿಲ್ಲ. ನಿನ್ನನ್ನು ಹುದ್ದೆಯಲ್ಲಿ ಮುಂದುವರಿಸಬೇಕೇ ಬೇಡವೇ ಎಂಬುದನ್ನು ಭಾನುವಾರದ ಸಭೆ ತೀರ್ಮಾನಿಸುತ್ತದೆ. ಅದಕ್ಕಾಗಿ ನನ್ನ ಲಿಖಿತ ಅಭಿಪ್ರಾಯವನ್ನೂ ಕೇಳಿದ್ದಾರೆ. ನನ್ನ ಕಿವಿಗೆ ಒಂದು ಮಾತು ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮಂಗಳವಾರ ಮೊದಲ ಬಸ್ಸಿಗೆ ನಾನು ಬಾಳೂರಿಗೆ ಬಂದಿದ್ದೆ. ನಿನಗೆ ತಿಳಿಸಲಿಲ್ಲ. ನಿನ್ನ ಬಾಣಗಳು ಸುಳ್ಳೆಂದು ಕಣ್ಣಾರೆ ಕಾಣುವ ಹಟ ನನಗಿತ್ತು.

ಏಳೂವರೆಗೆ ತೋಟದ ಹಾಜರಿ. ಮೇಸ್ತ್ರಿ ಹೆಸರು ಕೂಗುವಾಗ ಇಲ್ಲದವರಿಗೆ ಅಂದು ಕೆಲಸವಿಲ್ಲ. ಬಾಲವಾಡಿಯ ಬೀಗ ತೆಗೆಯುವ ಆಯಾ ಬರುವುದು ಒಂಬತ್ತೂವರೆಯ ಬಸ್ಸಿಗೆ. ಕೂಲಿಯವರ ಲೈನ್ ಮನೆಗಳ ಮುಂದೆ ನಮ್ಮ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯರು ಬೆನ್ನಿಗೆ ಪುಸ್ತಕದ ಚೀಲ, ಕಂಕುಳಿಗೆ ಕೂಸು ಏರಿಸಿಕೊಂಡು ಆ ಆಯಾಳನ್ನು ಕಾಯುತ್ತಿದ್ದರು. ಅಲ್ಲಿ ಸಂಕಲ್ಪಕ್ಕೇನೂ ಕೊರತೆ ಕಾಣಲಿಲ್ಲ.

ಹಾಜರಿ ಮುಗಿಸಿ ಕತ್ತಿ ತೆಗೆದುಕೊಳ್ಳಲು ಬಂದ ಹೆಂಗಸೊಬ್ಬಳು ನನ್ನನ್ನು ನೋಡಿ ನಕ್ಕಳು. “ಗುರ್ತಾಗ್ಲಿಲ್ವಾ ಟೀಚರ್ರೇ? ಮುತ್ತಮ್ಮ. ಎಂಟನೇ ಕ್ಲಾಸಲ್ಲಿ ಗೇಟ್ ಹೊರ್ಗೇ ನಿಲ್ಸ್ತಿದ್ರಲ್ಲ! ಆಗ ನನ್ ಕಂಕುಳಲ್ಲಿ ನನ್ ತಮ್ಮ, ಈಗ ನನ್ ಮಗಳ ಕಂಕುಳಲ್ಲಿ ಅವ್ಳ ತಮ್ಮ.”

ಆಗಲೇ ಏಕೆ ಹೇಳಲಿಲ್ಲವೆಂದು ಗದರಿದೆ.

“ಹೇಳಿದ್ನಲ್ಲ. ನೀವೇ ಬರ್ಕೊಂಡ್ರಿ. ನಂಗೂ ಓದಕ್ಕೆ ಬರ್ತಿತ್ತು ಟೀಚರ್ರೇ. ಯಾವ ಹೆಡ್ಡಿಂಗ್ ಕೆಳ್ಗೆ ಬರೀತೀರಿ ಅಂತ ನೋಡಿದ್ಮೇಲೆ ಹೇಳೋದು ಬಿಟ್ಟೆ. ಆಮೇಲೆ ಶಾಲೇನೂ ಬಿಟ್ಟೆ.”

ಕತ್ತಿ ಹಿಡಿದು ಅವಳು ಹೊರಟುಹೋದಳು. ನಾನು ಆಯಾಳ ಬಸ್ಸು ಬರುವವರೆಗೂ ಅಲ್ಲೇ ನಿಂತಿದ್ದೆ. ಗೇಟಿನಿಂದ ಒಳಗಿರುವುದಷ್ಟೇ ಶಾಲೆಯೆಂದು ತಿಳಿದು ನಿವೃತ್ತಳಾದವಳು ನಾನು. ಇದನ್ನು ನನಗೆ ಮುಂಚೆಯೇ ಯಾರೂ ತೋರಿಸಲಿಲ್ಲವೆಂದು ಸಿಟ್ಟು ಬರುತ್ತದೆ. ತೋರಿಸಬಂದವರೆಲ್ಲರ ಬಾಯಿ ಮುಚ್ಚಿಸಿದ್ದು ನೆನಪಾಗಿ ಇನ್ನಷ್ಟು ಸಿಟ್ಟು ಬರುತ್ತದೆ.

ಆದರೂ ಕೆಂಪು ಶಾಯಿ ಬಳಸಬಾರದಿತ್ತು. ಹೊಸ ಪುಸ್ತಕ ತೆರೆಯಬಹುದಿತ್ತು.

ನಿನ್ನ ಅಮ್ಮ,
ಸುಭದ್ರಾ

ಬರೆಯಲು ಹಿಂಜರಿದ ಮಾತು: ಅಭಿಪ್ರಾಯವನ್ನು ನಾನು ಸೋಮವಾರವೇ, ಬಾಳೂರಿಗೆ ಬರುವ ಮುನ್ನಾದಿನವೇ ಕೊಟ್ಟುಬಿಟ್ಟಿದ್ದೆ. ನೀನು ಆ ಹುದ್ದೆಗೆ ತಕ್ಕವಳಲ್ಲವೆಂದು ಬರೆದಿದ್ದೇನೆ. ನಿನ್ನೆ ಅದನ್ನು ಹಿಂದಕ್ಕೆ ಕೇಳಿದರೆ ರೇವಣ್ಣನವರು, “ಟೈಪ್ ಮಾಡ್ಸಿ ಎಲ್ರಿಗೂ ಕಳ್ಸಾಯ್ತಲ್ಲ. ನೀವು ಮಾತು ಬದ್ಲಾಯ್ಸೋರಲ್ಲ ಅಂತ್ಲೇ ಕಳ್ಸಿದ್ದು” ಎಂದರು. ಭಾನುವಾರ ನಾನೂ ಸಭೆಗೆ ಬರುತ್ತೇನೆ. ಮುತ್ತಮ್ಮನನ್ನು ಕರೆಸು. ಸಭೆಯಲ್ಲಿ ನನ್ನ ಅಭಿಪ್ರಾಯ ಪತ್ರ ಓದಿದ ಕೂಡಲೇ ಅವಳು ಮಾತಾಡಲಿ. ನಡುವೆ ನಾನು ಬಾಯಿ ಹಾಕಿದರೆ ತಡೆ. ಅವಳು ಮುಗಿಸಿದ ಮೇಲೆ, ನಾನು ಬರೆದದ್ದು ತಪ್ಪೆಂದು ನಾನೇ ಎದ್ದು ಹೇಳುತ್ತೇನೆ.