ಅಕ್ಕನಿಗೆ ಕೊಟ್ಟ ಮೊದಲ ಚುಟುಕು

ಕಾರವಾರದ ಕಡಲಗೋಡೆ,
ಇಸವಿ ೨೧೬೩, ಹದಿಮೂರನೆಯ ತಿಂಗಳ ನಾಲ್ಕು

ನನ್ನ ಮುತ್ತಜ್ಜಿಯ ಅಜ್ಜಿ ಬಾಳಿದ ಕಾಲದ ಹೆಣ್ಣುಮಕ್ಕಳೇ,

ಈ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ಮಳೆಗಾಲ ಹಿಗ್ಗಿದ ಮೇಲೆ ನಾವು ಸೇರಿಸಿಕೊಂಡದ್ದು. ನನ್ನ ಕೆಲವು ಮಾತುಗಳೂ ಹಾಗೆಯೇ ಅಪರಿಚಿತವೆನಿಸಿದರೆ ಮನ್ನಿಸಿ.

ನನ್ನ ಅಕ್ಕ ಬೀರಮ್ಮ ಸೋರುಗಾರ್ತಿ. ಎಂದರೆ, ಕಡಲನ್ನು ತಡೆದಿರುವ ಗೋಡೆಗೆ ಕಿವಿಯಿಟ್ಟು ನೀರು ಎಲ್ಲಿ ಜಿನುಗುತ್ತಿದೆಯೆಂದು ಹೇಳುವವಳು. ದಿನಕ್ಕೆ ಹತ್ತು ತಾಸು ತಣ್ಣನೆಯ ಕಲ್ಲಿನ ಮಗ್ಗುಲಲ್ಲಿ ನಿಲ್ಲಬೇಕು. ಅವಳು ತೋರಿಸಿದಲ್ಲಿ ನಾನು ಗಾರೆ ತುಂಬುತ್ತಿದ್ದೆ. ನೀವು ಸಿಗರೇಟು ಅನ್ನುವುದಕ್ಕೆ ನಾವು ಚುಟುಕು ಅನ್ನುತ್ತೇವೆ. ಅಕ್ಕನಿಗೆ ಇಪ್ಪತ್ತೊಂದು ತುಂಬಿದ ವರ್ಷ, ಚಳಿಗೆ ಅವಳ ಹಲ್ಲು ಕಟಕಟಿಸುತ್ತಿದ್ದಾಗ, ನನ್ನ ಬಾಯಲ್ಲಿದ್ದುದನ್ನೇ ತೆಗೆದು ಕೊಟ್ಟೆ. ಕೆಮ್ಮಿದಳು, ನಕ್ಕಳು. ನಾನು ಬಸುರಿಯಾದಾಗ ಬಿಟ್ಟೆ. ಅವಳು ಬಿಡಲಿಲ್ಲ, ದಿನಕ್ಕೆ ಹದಿನೈದಕ್ಕೆ ಏರಿತು.

ಗೋಡೆ ಕಟ್ಟಿ ಮುಗಿದ ಮೇಲೆ ಮಗು ಎಂದು ಅವಳೂ ಭಾವ ಹಮ್ಮಣ್ಣನೂ ಮಾತಾಡಿಕೊಂಡಿದ್ದರು. ಗೋಡೆ ಮುಗಿದಾಗ ಅವಳಿಗೆ ಮೂವತ್ತೇಳು. ಮುಟ್ಟು ಏರುಪೇರಾಯಿತು, ಆಮೇಲೆ ನಿಂತಿತು. ಬಸಿರೆಂದೇ ತಿಳಿದು ನನ್ನ ಮಗಳ ಹಳೆಯ ಕುಲಾವಿ ಕೇಳಿ ಒಯ್ದು, ಒಗೆದು ಒಣಹಾಕಿದಳು.

ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಎರಡು ಸಲ ರಕ್ತ ಪರೀಕ್ಷಿಸಿದ ಡಾಕ್ಟರಮ್ಮ, ಬಸಿರಲ್ಲ, ಅಂಡಾಶಯ ಹೊತ್ತಿಗೆ ಮೊದಲೇ ಬತ್ತಿದೆ ಎಂದರು. ಚುಟುಕೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೆ ಹೊಗೆ ಸೇದುವ ಹೆಂಗಸರಲ್ಲಿ ತತ್ತಿಗಳು ಬೇಗ ತೀರುತ್ತವೆ, ಹಾರ್ಮೋನು ಬೇಗ ಇಳಿಯುತ್ತದೆ ಎಂದು ಬಿಡಿಸಿ ಹೇಳಿದರು.

"ಇವತ್ತೇ ಬಿಟ್ರೆ ಮತ್ತೆ ಬರೂದಿಲ್ವಾ?" ಅಕ್ಕ ಕೇಳಿದಳು.

"ಬಿಡು. ನಿನ್ನ ಎಲುಬಿಗೆ, ಎದೆಗೆ ಬಿಡೂದು ಬೇಕೇ ಬೇಕು. ಹೋದ ತತ್ತಿ ಮಾತ್ರ ಬರೂದಿಲ್ಲ, ಬೀರಮ್ಮ."

ಬೇರೆಯವರ ತತ್ತಿ ಪಡೆಯುವ ದಾರಿಯನ್ನೂ ಹೇಳಿದರು. ಅಕ್ಕನ ಕಿವಿಗೆ ಅದು ಬೀಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತಾಗ, ಮೊದಲ ಚುಟುಕು ಕೊಟ್ಟವಳು ನಾನೇ ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

"ಚಳಿ ಇತ್ತಲ್ಲೇ. ನೀ ಎಂತ ಮಾಡ್ತೆ."

ಬೈದಿದ್ದರೆ ಎದೆ ಹಗುರಾಗುತ್ತಿತ್ತು.

ಅಕ್ಕ ಈಗ ಸೇದುವುದಿಲ್ಲ. ನನ್ನ ಮನೆಗೂ ಬರುವುದಿಲ್ಲ. ಮಗಳು ದೊಡ್ಡಮ್ಮ ಎಲ್ಲಿ ಎಂದು ಕೇಳಿದಾಗ, ಗೋಡೆಯ ಕೆಲಸ ಬಹಳ ಎಂದು ಸುಳ್ಳು ಹೇಳುತ್ತೇನೆ.

ಡಾಕ್ಟರಮ್ಮ ಹೇಳಿದ್ದೆಲ್ಲ ನಿಮ್ಮ ಕಾಲಕ್ಕೇ ಗೊತ್ತಿತ್ತಂತೆ. ನಮಗೆ ಕೆಮ್ಮು, ಕ್ಯಾನ್ಸರಿನ ಮಾತಷ್ಟೇ ಮುಟ್ಟಿತು. ಹೆಣ್ಣಿನ ಒಡಲಿನ ಮಾತನ್ನು ನಡುವೆ ಯಾರೋ ನಾಚಿ ನುಂಗಿಬಿಟ್ಟರು. ಸೇದುವ ಮಗಳನ್ನೋ ತಂಗಿಯನ್ನೋ ಬೈಯಬೇಡಿ. ಪಕ್ಕದಲ್ಲಿ ಕೂತು ಇದನ್ನು ಬಾಯಿಬಿಟ್ಟು ಹೇಳಿ. ಅವಳು ತನ್ನ ಮಗಳಿಗೆ ಹೇಳಲಿ. ಹಾಗೆ ಬಾಯಿಂದ ಬಾಯಿಗೆ ಬರುತ್ತ ಬರುತ್ತ ನಮ್ಮ ಅವ್ವನವರೆಗೆ ಬಂದೀತು. ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿಯಾಳು.

ಇತಿ,
ಬೀರಮ್ಮನ ತಂಗಿ ತುಳಸು