ಒಬ್ಬಳನ್ನು ಮಾತ್ರ

ಮಾರ್ಚ್ ೧೧, ಮಂಗಳವಾರ

ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ಯುದ್ಧದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಶಿಬಿರಕ್ಕೆ ಬಂದ ಅಕ್ಕತಂಗಿಯರಿಗೆ ಅವನೊಬ್ಬನೇ ಸೋದರಮಾವ. ಊರೂರು ವಿಚಾರಿಸಿ ಅವನನ್ನು ಪತ್ತೆ ಮಾಡಿದವರು ನಾವು ಸ್ವಯಂಸೇವಕಿಯರೇ. ಬೆಳಿಗ್ಗೆ ಇಬ್ಬರಿಗೂ ಜಡೆ ಹೆಣೆದು ಕೂರಿಸಿದ್ದೆ.

ಅವನು ಡೇರೆಯ ಬಾಗಿಲಲ್ಲೇ ನಿಂತ. "ಒಂದೇ ಕೋಣೇಲಿ ನಾವೇ ಎಂಟು ಜನ ಇದೀವಿ ಮೇಡಂ. ಒಬ್ಬಳನ್ನಾದ್ರೆ ಹೇಗೋ ಸಾಕ್ತೀನಿ, ಇಬ್ಬರನ್ನ ಆಗಲ್ಲ," ಎಂದು ತಲೆ ತಗ್ಗಿಸಿದ. ಎಷ್ಟು ಗೋಗರೆದರೂ ಅದೇ ಮಾತು. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಕೊನೆಗೆ ದೊಡ್ಡವಳೇ, "ಇವಳನ್ನ ಕರ್ಕೊಂಡು ಹೋಗು ಮಾವ. ಇವಳಿಗೆ ಇಲ್ಲಿ ಕತ್ತಲಾದ್ರೆ ಭಯ," ಎಂದಳು. ಅವಳಿಗಿನ್ನೂ ಒಂಬತ್ತು ವರ್ಷ. ಇಬ್ಬರಿಗೂ ಇದ್ದ ಒಂದೇ ಬಾಚಣಿಗೆಯನ್ನು ತಂಗಿಯ ಚೀಲಕ್ಕೆ ಹಾಕಿದಳು. ಲಾರಿ ಹೊರಟು ಮರೆಯಾದರೂ ಅಳಲಿಲ್ಲ.

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು. "ಅಕ್ಕಾ, ನಾನು ತುಂಬಾ ಕಮ್ಮಿ ತಿಂತೀನಿ ಅಂತ ಮಾವಂಗೆ ಹೇಳಿದ್ರಾ?"

ಹೇಳಿರಲಿಲ್ಲ. ಅವಳಿಗೆ ಸಮಾಧಾನವಾಗಲಿ ಎಂದು, "ಹೇಳಿದೆ ಕಂದಾ," ಎಂದೆ.

ತೊಳೆದಿಟ್ಟ ತಟ್ಟೆಯೊಂದನ್ನು ಲಂಗದ ತುದಿಯಿಂದ ಒರೆಸುತ್ತಾ ಕೇಳಿದಳು: "ಹೇಳಿದ್ರೂ ಮಾವ ಬೇಡ ಅಂದ್ನಾ?"

ದೇವರೇ, ನಾಳೆ ಬೆಳಿಗ್ಗೆ ಅವಳನ್ನು ಎಬ್ಬಿಸುವಾಗ ನಾನು ಯಾವ ಮುಖ ತೋರಿಸಲಿ?